ಮಹಡಿ ಮೇಲಿನ ಸಲೂನು

ನಮ್ಮನೆಯವರು ಒಂದು ಕಡೆ ಕೂತವರಲ್ಲ. ಕಾಫಿ ಲೋಟ ಕೈಗೆ ಕೊಟ್ಟರೆ ಮೊದಲ ಗುಟುಕು ಅಡುಗೆಮನೆಯಲ್ಲಿ, ಎರಡನೆಯದು ಕಿಟಕಿಯ ಹತ್ತಿರ, ಮೂರನೆಯದು ಮೆಟ್ಟಿಲ ಮೇಲೆ. ಲೋಟ ಮಾರನೆಯ ದಿನ ಬಟ್ಟೆಯ ಬೀರುವಿನಲ್ಲಿ ಸಿಗುತ್ತದೆ. ಕೆಲಸ ಬಸ್ ಡಿಪೋದಲ್ಲಿ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿಗಳನ್ನೆಲ್ಲ ಕಾಯ್ದಿಟ್ಟು ವಾರಸುದಾರರಿಗೆ ಒಪ್ಪಿಸುವ ಕೋಣೆಗೆ ಇವರೇ ಅಧಿಪತಿ. ಊರಿನವರ ಮರೆವನ್ನೆಲ್ಲ ಜೋಪಾನ ಮಾಡುವ ಈ ಮಹಾನುಭಾವರಿಗೆ ಕನ್ನಡಕ ತಮ್ಮ ಹಣೆಯ ಮೇಲೇ ಇದೆ ಅಂತ ಹೇಳುವುದಕ್ಕೆ ಒಬ್ಬರು ಬೇಕು. ಆ ಒಬ್ಬರು ನಾನು.

ಇಂಥವರು ಅಲ್ಲಾಡದೆ ಕೂರುತ್ತಿದ್ದದ್ದು ದಿನಕ್ಕೆ ಅರ್ಧ ಗಂಟೆ ಮಾತ್ರ, ಅದೂ ಕೆಳಗಿನ ಸಲೂನಿನ ಕುರ್ಚಿಯಲ್ಲಿ. ಗಂಟಲ ಮೇಲೆ ಕತ್ತಿ ಇದ್ದಾಗ ಎಂಥವರೂ ಅಲ್ಲಾಡುವುದಿಲ್ಲವಲ್ಲ. ಆ ಅರ್ಧ ಗಂಟೆ ನನ್ನದು. ರೇಡಿಯೋ ಹಾಕಿಕೊಂಡು, ಕಾಲು ಚಾಚಿ, "ಇವಳೇ, ನನ್ನ ಕರವಸ್ತ್ರ ಎಲ್ಲಿ" ಅನ್ನುವವರಿಲ್ಲದ ಮನೆಯಲ್ಲಿ ನಾನು ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿಯುತ್ತಿದ್ದೆ. ಹೆಂಗಸರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ, ಗಂಡಸರಿಗೆ ವಿವರಿಸಿದರೂ ತಿಳಿಯುವುದಿಲ್ಲ.

ಸಲೂನಿನ ಯಜಮಾನರೇ ನಮ್ಮ ಮನೆಯ ಮಾಲೀಕರು. ಕೆಳಗೆ ಬೀದಿಗೆ ಮುಖ ಮಾಡಿ ಅವರ ಅಂಗಡಿ, ಅದರ ಹಿಂದೆ ಅವರ ಸಂಸಾರ, ಮೇಲಿನ ಎರಡು ಕೋಣೆಗಳಲ್ಲಿ ನಾವು. ಮೆಟ್ಟಿಲು ಹೊರಗಿನಿಂದ, ಅಂಗಡಿಯ ಬಾಗಿಲ ಪಕ್ಕದಿಂದಲೇ ಏರುತ್ತದೆ. ಮಾಲೀಕರಿಗೆ ಮಾತೆಂದರೆ ಪ್ರಾಣ. ಇವರ ಕೆನ್ನೆಗೆ ನೊರೆ ಹಚ್ಚಿದ ಕೂಡಲೇ ಅವರ ಷಡ್ಡಕನ ಕಥೆ ಶುರು. ಆ ಷಡ್ಡಕನಿಗೂ ಪಕ್ಕದ ಮನೆಯವನಿಗೂ ಒಂದು ಕಾಂಪೌಂಡ್ ಗೋಡೆಯ ಜಗಳ. ದಿನಕ್ಕೆ ಒಂದಿಷ್ಟು ಅಂತ ಹೇಳುತ್ತ ಹೇಳುತ್ತ ಗೋಡೆ ಎಷ್ಟೋ ಸಲ ಎದ್ದಿತ್ತು, ಎಷ್ಟೋ ಸಲ ಬಿದ್ದಿತ್ತು. ಇವರು ಮೇಲೆ ಬಂದು ಅಂಗಿ ಹಾಕಿಕೊಳ್ಳುತ್ತ ನನಗೆ ಅದರ ಸಾರಾಂಶ ಒಪ್ಪಿಸುತ್ತಿದ್ದರು.

ಮಾಲೀಕರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಇಡೀ ಬೀದಿಯ ಗಲ್ಲಗಳನ್ನು ಕನ್ನಡಿ ಮಾಡುವ ಆ ಮನುಷ್ಯನ ಎಡಕಿವಿಯ ಕೆಳಗೆ ಸದಾ ಒಂದು ಹಿಡಿ ಗಡ್ಡ ಉಳಿದಿರುತ್ತಿತ್ತು. ಬೇರೆ ಸಲೂನಿಗೆ ಹೋಗುವುದು ಅವಮಾನ, ಸ್ವಂತ ಮುಖಕ್ಕೆ ಕತ್ತಿ ಹಿಡಿದರೆ ಕೈ ಅದುರುತ್ತದೆ. "ಇನ್ನೊಬ್ಬರ ಮುಖಕ್ಕೆ ಪಳಗಿದ ಕೈ ತಂಗ್ಯಮ್ಮ, ನನ್ನ ಮುಖ ಕಂಡ್ರೆ ಹೆದರುತ್ತೆ" ಅನ್ನುತ್ತಿದ್ದರು.

ಹೀಗೆ ಎಲ್ಲರೂ ನೆಮ್ಮದಿಯಾಗಿದ್ದಾಗ ಡಿಪೋಗೆ ಹೊಸ ಮ್ಯಾನೇಜರು ಬಂದರು. ಒಂದು ಸಂಜೆ ಅವರು ಇವರ ಮುಖವನ್ನು ದಿಟ್ಟಿಸಿ, "ಏನ್ರೀ, ಇವತ್ತು ಶೇವ್ ಮಾಡ್ಕೊಂಡಿಲ್ವಾ?" ಅಂದರಂತೆ. ಮಾಡಿಸಿಕೊಂಡಿದ್ದೇನೆ ಸಾರ್, ಬೆಳಿಗ್ಗೆ, ಅಂದರಂತೆ ಇವರು. ಮ್ಯಾನೇಜರು ಮೇಜಿನ ಡ್ರಾಯರು ಎಳೆದು, ಕರೆಂಟ್ ಶೇವರ್ ತೆಗೆದು, ಒಂದು ಕೈಯಲ್ಲಿ ಸಹಿ ಮಾಡುತ್ತ ಇನ್ನೊಂದು ಕೈಯಲ್ಲಿ ಗಲ್ಲವನ್ನು ಒಂದು ಸುತ್ತು ಹಾಕಿ, "ಕಾಲ ಬದಲಾಗಿದೆ ಕಣ್ರೀ" ಅಂದರಂತೆ.

ಅಷ್ಟೇ. ಆ ಸಂಜೆ ಇವರು ಮನೆಗೆ ಬಂದದ್ದು ಗಲ್ಲ ಸವರಿಕೊಳ್ಳುತ್ತ, ಮಲಗಿದ್ದೂ ಗಲ್ಲ ಸವರಿಕೊಳ್ಳುತ್ತ. ಶನಿವಾರ ನನ್ನನ್ನೂ ಎಳೆದುಕೊಂಡು ಶೇವರ್ ಕೊಳ್ಳಲು ಪೇಟೆಯ ಅಂಗಡಿಗೆ ಹೊರಟರು.

ಅಂಗಡಿಯವನು ಮೊದಲೇ ಕೇಳಿದ್ದು, "ಎಷ್ಟು ತಲೆಯದು ಬೇಕು ಸಾರ್?" ಅಂತ.

"ಒಂದೇ ತಲೆಗೆ ಕಣಪ್ಪಾ, ನನಗೆ ಮಾತ್ರ" ಅಂದರು ಇವರು.

ಅವನು ತಾಳ್ಮೆಯಿಂದ ವಿವರಿಸಿದ. ಶೇವರಿಗೆ ಗುಂಡಗೆ ತಿರುಗುವ ತಲೆಗಳಿರುತ್ತವೆ; ಎರಡು ತಲೆಯದು, ಮೂರು ತಲೆಯದು, ಐದು ತಲೆಯದು. ಇನ್ನೊಂದು ಜಾತಿ ಇದೆ, ಅದಕ್ಕೆ ತಲೆಯ ಬದಲು ಚಪ್ಪಟೆ ಜಾಲರಿ. ದಿನಾ ಮಾಡಿಕೊಳ್ಳುವವರಿಗೆ ಜಾಲರಿ ಒಳ್ಳೆಯದು, ಕೂದಲು ದಿಕ್ಕುದಿಕ್ಕಿಗೆ ಬೆಳೆಯುವವರಿಗೆ ಗುಂಡು ತಲೆ ಒಳ್ಳೆಯದು. ಕೆಲವು ಒಣಗಿದ ಮುಖಕ್ಕೆ ಮಾತ್ರ, ಕೆಲವನ್ನು ಸ್ನಾನ ಮಾಡುತ್ತಲೂ ಬಳಸಬಹುದು. ಇಷ್ಟನ್ನು ಹೇಳುವಷ್ಟರಲ್ಲಿ ಇವರು ಮಿಕ್ಸಿ ನೋಡಿಕೊಂಡು, ಫ್ಯಾನಿನ ಕೆಳಗೆ ನಿಂತು, ಇಸ್ತ್ರಿಪೆಟ್ಟಿಗೆ ಎತ್ತಿ ತೂಕ ನೋಡಿ ವಾಪಸು ಬಂದಿದ್ದರು.

"ಸಾರ್, ನಿಮ್ಮ ಕೂದಲು ಯಾವ ದಿಕ್ಕಿಗೆ ಬೆಳೆಯುತ್ತೆ?"

ಇವರು ನನ್ನ ಮುಖ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಗಮನಿಸಿಲ್ಲವಲ್ಲ ಅನ್ನುವ ಆಕ್ಷೇಪಣೆ ಆ ನೋಟದಲ್ಲಿತ್ತು. "ನಮ್ಮ ಮ್ಯಾನೇಜರ ಹತ್ತಿರ ಎಷ್ಟು ತಲೆಯದಿದೆ ಗೊತ್ತಾ?" ಅಂತ ಅಂಗಡಿಯವನನ್ನೇ ಕೇಳಿದರು. ಅವನಿಗೇನು ಗೊತ್ತು? ಇವರೇ ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, "ಎರಡು. ಹಾಗಾದರೆ ಮೂರು ತಲೆಯದು ಕೊಡಿ" ಅಂದರು. ಆಯ್ಕೆ ಮುಗಿಯಿತು. ಕೂದಲಿನ ದಿಕ್ಕನ್ನು ಮತ್ತೆ ಯಾರೂ ಕೇಳಲಿಲ್ಲ.

ಮನೆಗೆ ಬಂದು ಡಬ್ಬ ಬಿಚ್ಚಿದಾಗ ಅದರ ಜೊತೆಗಿದ್ದ ಹಾಳೆಯಲ್ಲಿ ಒಂದು ಮಾತಿತ್ತು. ಚರ್ಮ ಶೇವರಿಗೆ ಹೊಂದಿಕೊಳ್ಳಲು ಮೂರು ವಾರ ಹಿಡಿಯಬಹುದು, ಅಲ್ಲಿಯವರೆಗೆ ಬ್ಲೇಡು ಬಳಸಬೇಡಿ ಅಂತ. ಬಸ್ಸಿನಲ್ಲಿ 'ತಲೆ ಹೊರಗೆ ಹಾಕಬೇಡಿ' ಅಂತ ಬರೆದಿದ್ದರೆ ಕಿಟಕಿ ಕಡೆಗೇ ನೋಡದ ಮನುಷ್ಯ ಇವರು. ಮುಖ ಬಿಳಿಚಿಕೊಂಡಿತು.

"ಇವಳೇ, ಮಾಲೀಕರಿಗೆ ಏನು ಹೇಳೋದು?"

"ಮಷೀನು ತಂದಿದ್ದೀನಿ, ಮೂರು ವಾರ ಬರಲ್ಲ ಅಂತ ಹೇಳಿ. ಅದರಲ್ಲೇನಿದೆ?"

"ಮುಖ ನೋಡಿ ಹೇಳೋಕಾಗುತ್ತಾ? ನೊಂದ್ಕೊಳ್ತಾರೆ. ಅದೂ ಅಲ್ದೆ ಷಡ್ಡಕ ಗುದ್ದಲಿ ಎತ್ತಿಕೊಂಡು ಗೋಡೆ ಹತ್ತಿದ್ದಾನೆ ಈಗ. ಇಂಥಾ ಸಮಯದಲ್ಲಿ ಬಿಟ್ಟು ಹೋಗೋದಾ?"

ಹೇಳಲಿಲ್ಲ. ಸೋಮವಾರದಿಂದ ಇವರು ಡಿಪೋಗೆ ಹೋಗುವ ದಾರಿಯೇ ಬದಲಾಯಿತು. ಮೆಟ್ಟಿಲ ಕೊನೆಯಲ್ಲಿ ಬಗ್ಗಿ, ಅಂಗಡಿಯ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಸರಿದು, ಹಿತ್ತಲಿನ ಮೋಟು ಗೋಡೆ ಹಾರಿ ಹಿಂದಿನ ಓಣಿಗೆ. ಊಟದ ಡಬ್ಬಿಯನ್ನು ನಾನು ಮೇಲಿನಿಂದ ಹಗ್ಗ ಕಟ್ಟಿ ಇಳಿಸಬೇಕು. ಕಳ್ಳ ಕೂಡ ಇಷ್ಟು ಕಷ್ಟಪಡುವುದಿಲ್ಲ.

ನನ್ನ ಅರ್ಧ ಗಂಟೆ ಮಣ್ಣುಪಾಲಾಯಿತು. ಕುರ್ಚಿಯಲ್ಲಿ ಕಟ್ಟಿಹಾಕುವ ಕತ್ತಿ ಈಗಿಲ್ಲ. ಶೇವರಿಗೆ ವೈರಿನ ಹಂಗೂ ಇಲ್ಲ, ಬ್ಯಾಟರಿ. ಹಾಗಾಗಿ ಇವರು ಗುಂಯ್ ಅನ್ನಿಸಿಕೊಂಡು ಮನೆಯೆಲ್ಲ ತಿರುಗುತ್ತ ಕ್ಷೌರ ಮಾಡಿಕೊಳ್ಳತೊಡಗಿದರು. ಬಲಗೆನ್ನೆ ಮಲಗುವ ಕೋಣೆಯಲ್ಲಿ, ಎಡಗೆನ್ನೆ ಬಚ್ಚಲಿನಲ್ಲಿ, ಗಲ್ಲ ಅಡುಗೆಮನೆಯಲ್ಲಿ ನನ್ನ ಬೆನ್ನ ಹಿಂದೆ. ಕುಕ್ಕರಿನ ಮುಚ್ಚಳ ಎತ್ತಿ ಅದರ ಹೊಳಪಿನಲ್ಲಿ ಮೂಗಿನ ಕೆಳಗೆ ನೋಡಿಕೊಳ್ಳುವುದು. ಹಾಲಿನ ಮೇಲೆ ಕೂದಲಿನ ಪುಡಿ ತೇಲಿದ ದಿನ ನಾನು ಸೌಟು ಎತ್ತಿದೆ. "ಸವರಿ ನೋಡೇ, ಹೇಗಿದೆ" ಅಂತ ಕೆನ್ನೆ ಮುಂದೆ ಮಾಡಿದರು. ಕೆನ್ನೆ ಕೆಂಪಗೆ ದದ್ದು ಎದ್ದಿತ್ತು. ಅದು ಚರ್ಮ ಹೊಂದಿಕೊಳ್ಳುತ್ತಿರುವ ಲಕ್ಷಣ ಅಂದರು.

ಹೊಸ ವಸ್ತು ತಂದವರಿಗೆ ಅದನ್ನು ಯಾರಿಗಾದರೂ ತೋರಿಸದೆ ಅನ್ನ ಇಳಿಯುವುದಿಲ್ಲ. ಮೊದಲು ನನ್ನ ತಮ್ಮ ಬಂದ. ಇಂಟರ್‌ವ್ಯೂ ಇದೆ ಅಂತ ಹೇಳಿಕೊಂಡು ತಿಂಗಳುಗಟ್ಟಲೆ ಗಡ್ಡ ಬಿಟ್ಟಿದ್ದವನು, "ಭಾವ, ಒಂದು ಸಲ ಕೊಡಿ" ಅಂದು ಭಾವನ ಕೈಯಿಂದಲೇ ಮಾಡಿಸಿಕೊಂಡು ಹೋದ. ಆಮೇಲೆ ಎದುರುಮನೆಯ ಪಿಂಚಣಿ ತಾತ. ಅವರಿಗೆ ಮಷೀನು ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ ಕುತೂಹಲ. ನೋಡಿದರು, ಮಾಡಿಸಿಕೊಂಡರು, ಮಾರನೆಯ ದಿನ ಮತ್ತೆ ನೋಡಲು ಬಂದರು. ಗ್ಯಾಸ್ ಸಿಲಿಂಡರ್ ಹೊತ್ತು ತಂದವನನ್ನೂ ಇವರು ಬಿಡಲಿಲ್ಲ. "ನೋವಿಲ್ಲ, ನೊರೆ ಇಲ್ಲ, ನೀರು ಬೇಡ, ಕೂತ್ಕೊಳಪ್ಪಾ" ಅಂದು ಹೆಗಲ ಮೇಲೆ ಟವೆಲು ಹಾಕಿಯೇಬಿಟ್ಟರು.

ಈಗ ಕೆಳಗೆ ಅಂಗಡಿಯ ಬಾಗಿಲಲ್ಲಿ ನಿಂತ ಮಾಲೀಕರಿಗೆ ಕಾಣುತ್ತಿದ್ದದ್ದೇನು ಅಂತ ಯೋಚಿಸಿ. ಬೆಳಗಾದರೆ ಗಡ್ಡದವರು ಮೆಟ್ಟಿಲು ಹತ್ತುತ್ತಾರೆ. ತಲೆಯ ಮೇಲೆ ಗುಂಯ್ ಅನ್ನುವ ಸದ್ದು. ಸ್ವಲ್ಪ ಹೊತ್ತಿಗೆ ಅವರೇ ನುಣ್ಣಗೆ ಗಲ್ಲ ಸವರಿಕೊಳ್ಳುತ್ತ ಇಳಿದು ಬರುತ್ತಾರೆ. ಬಾಡಿಗೆಯವನು ಮಾತ್ರ ಮುಖ ತೋರಿಸದೆ ಗೋಡೆ ಹಾರಿ ಓಡುತ್ತಾನೆ. ಇದೆಲ್ಲ ನನಗೆ ಈಗ ಹೊಳೆಯುತ್ತಿದೆ. ಆಗ ನಾನೂ ಮಂಕುದಿಣ್ಣೆಯ ಹಾಗೆ ಹಾಲು ಸೋಸುತ್ತಿದ್ದೆ.

ಹಿತ್ತಲಿನಲ್ಲಿ ಬಟ್ಟೆ ಒಣಹಾಕುವಾಗ ಮಾಲೀಕರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಮುಖ ಊದಿಸಿಕೊಂಡೇ ಇದ್ದರು. ಕೊನೆಗೆ ಒಂದು ದಿನ ತಡೆಯಲಾರದೆ ಅಂದರು: "ಹೊಟ್ಟೆಪಾಡು ಎಲ್ಲರಿಗೂ ಇದ್ದದ್ದೇ ಕಣಮ್ಮ. ಆದರೆ ನಮ್ಮ ತಲೆ ಮೇಲೇ ಮಾಡ್ಬೇಕಾ? ನಮ್ಮ ಯಜಮಾನ್ರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

ಕಿಟಕಿಯಿಂದ ಉದುರಿದ ಕೂದಲಿನ ಪುಡಿಗೆ ಇಷ್ಟು ಸಿಟ್ಟೇ ಅಂದುಕೊಂಡೆ ನಾನು. "ತಪ್ಪಾಯ್ತಕ್ಕ, ಇನ್ಮೇಲೆ ಕಿಟಕಿ ಮುಚ್ಕೊಂಡು ಮಾಡಿ ಅಂತ ಹೇಳ್ತೀನಿ" ಅಂದೆ.

ಅಕ್ಕ ನನ್ನನ್ನು ಹೇಗೆ ನೋಡಿದರೆಂದರೆ ನನ್ನ ಕೈಯಲ್ಲಿದ್ದ ಲಂಗ ಹಾಗೇ ನೆಲಕ್ಕೆ ಬಿತ್ತು. ಅವರು ಒಳಗೆ ಹೋದರು, ನಾನು ಅದನ್ನು ಎತ್ತಿಕೊಳ್ಳದೆ ಮೇಲೆ ಬಂದೆ.

ಮಾರನೆಯ ಬೆಳಿಗ್ಗೆ ಇವರು ಹಿತ್ತಲ ಗೋಡೆಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಇದ್ದಾಗ ಮಾಲೀಕರು ಎದುರಿಗೆ ಬಂದು ನಿಂತರು. ಡಬ್ಬಿ ಇಳಿಸುತ್ತಿದ್ದ ನಾನು ಮೇಲಿನಿಂದ ಎಲ್ಲ ನೋಡಿದೆ, ಎಲ್ಲ ಕೇಳಿದೆ.

"ನನಗೆ ಎಲ್ಲಾ ಗೊತ್ತಾಗಿದೆ" ಅಂದರು ಮಾಲೀಕರು.

ಇವರು ಗೋಡೆಯ ಮೇಲೇ ಕೈ ಮುಗಿದರು. "ಹೇಳೋಣ ಅಂತಿದ್ದೆ ಮಾಲೀಕರೇ. ಬಾಯಿ ಬರಲಿಲ್ಲ."

"ಎಷ್ಟು ಜನ ಬರ್ತಾರೆ?"

"ಯಾರು ಜಾಸ್ತಿ? ನನ್ನ ಭಾಮೈದ, ಎದುರುಮನೆ ತಾತ. ಗ್ಯಾಸಿನವನು ಒಂದೇ ಸಲ." ಇಷ್ಟಕ್ಕೆ ನಿಲ್ಲಿಸಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ಆದರೆ ಮಷೀನಿನ ಮಾತು ಬಂದರೆ ಇವರಿಗೆ ಉತ್ಸಾಹ ತಡೆಯುವುದಿಲ್ಲ. "ನೀವೂ ಒಂದ್ಸಲ ಮೇಲೆ ಬಂದು ನೋಡಿ. ಮೂರು ತಲೆ. ನೊರೆ ಬೇಡ, ಕತ್ತಿ ಮಸೆಯೋದು ಬೇಡ. ಇನ್ನೆರಡು ವರ್ಷ, ನಿಮ್ಮ ಗಿರಾಕಿಗಳೂ ಎಲ್ಲಾ ಇದಕ್ಕೇ ಬರ್ತಾರೆ ನೋಡಿ ಬೇಕಾದರೆ."

ಮಾಲೀಕರು ತಲೆ ಎತ್ತಿ ನಮ್ಮ ಕಿಟಕಿಯನ್ನು ಒಮ್ಮೆ ನೋಡಿದರು. ಅವರು ಇಷ್ಟು ಚುಟುಕಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಅವತ್ತು.

"ತಿಂಗಳ ಕೊನೆಗೆ ಮನೆ ಖಾಲಿ ಮಾಡಿ. ಅಲ್ಲೀವರೆಗೆ ನನ್ನ ಸೂರಿನ ಕೆಳಗೆ ಆ ಕೆಲಸ ನಡೀಬಾರದು."

ನನ್ನ ಕೈಯಿಂದ ಹಗ್ಗ ಜಾರಿ ಊಟದ ಡಬ್ಬಿ ಇವರ ತಲೆಯ ಪಕ್ಕಕ್ಕೇ ಬಿತ್ತು. ಸ್ವಲ್ಪ ಈಚೆಗೆ ಬಿದ್ದಿದ್ದರೂ ನನಗೆ ಬೇಸರವಿರಲಿಲ್ಲ.

ಆ ಸಂಜೆ ಮನೆಯಲ್ಲಿ ರಣರಂಗ. ಈ ಎರಡು ಕೋಣೆಗೆ ನಾನು ಹೊಸ್ತಿಲು ಸಾರಿಸಿ, ಕಿಟಕಿಗೆ ಪರದೆ ಹೊಲಿದು, ಸೋರುವ ನಲ್ಲಿಯ ಜೊತೆ ರಾಜಿ ಮಾಡಿಕೊಂಡು ಸಂಸಾರ ಕಟ್ಟಿದ್ದೆ. ಇನ್ನು ಬೇರೆ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆಯಬೇಕು. "ಆ ಮಷೀನನ್ನ ಈಗಲೇ ಅಂಗಡಿಗೆ ವಾಪಸ್ ಕೊಡಿ. ನಾಳೆ ಬೆಳಿಗ್ಗೆ ಹೋಗಿ ಆ ಕುರ್ಚೀಲಿ ಕೂತ್ಕೊಳ್ಳಿ. ಕಾಲು ಹಿಡೀಬೇಕಾದರೆ ಹಿಡೀರಿ."

"ಈಗ ಬ್ಲೇಡು ಮುಟ್ಟಿದರೆ ಇಷ್ಟು ದಿನ ಚರ್ಮ ಹೊಂದಿಕೊಂಡಿದ್ದೆಲ್ಲಾ ವ್ಯರ್ಥ ಆಗುತ್ತೆ" ಅಂದರು. ಕಿಟಕಿಗೆ ಹೋದರು, ಬಾಗಿಲಿಗೆ ಬಂದರು, ಮಂಚದ ಮೇಲೆ ಕೂತು ಎದ್ದರು. ಆಮೇಲೆ ಮುಖ ಬೆಳಗಿತು. ಇವರ ಮುಖ ಬೆಳಗಿದರೆ ನನಗೆ ಎದೆ ನಡುಗುತ್ತದೆ. "ಮಾಲೀಕರು ಏನಂದ್ರು? ಸೂರಿನ ಕೆಳಗೆ ಬೇಡ ಅಂದ್ರು. ಸರಿ. ಸೂರು ಇಲ್ಲದ ಕಡೆ ಮಾಡಿದರಾಯ್ತು. ಆಗ ಅವರ ಸಿಟ್ಟೂ ಇಳಿಯುತ್ತೆ."

ನಮ್ಮ ಮನೆಯಲ್ಲಿ ಸೂರು ಇಲ್ಲದ ಜಾಗವೆಂದರೆ ಹೊರಗಿನ ಮೆಟ್ಟಿಲು ಒಂದೇ.

ಮರುದಿನ ಬೆಳಿಗ್ಗೆ ಇವರು ಮೆಟ್ಟಿಲ ಮಧ್ಯದ ಕಟ್ಟೆಯ ಮೇಲೆ ಕುರ್ಚಿ ಹಾಕಿದರು. ಗೋಡೆಗೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದರು. ಕೂದಲು ಅಂಗಿಗೆ ಬೀಳಬಾರದೆಂದು ಟವೆಲು. ತಮ್ಮ ಬಂದ, ಮೇಲೆ ಜಾಗವಿಲ್ಲದೆ ಕೆಳಗಿನ ಮೆಟ್ಟಿಲಲ್ಲಿ ಕೂತ. ತಾತ ಬಂದರು, ಅವನ ಪಕ್ಕ ಕೂತು ಪೇಪರು ಬಿಚ್ಚಿದರು. ಪೇಪರಿನ ಒಂದು ಹಾಳೆ ತಮ್ಮನಿಗೆ ಕೊಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ ಪರಸ್ಥಳದವನು ಗಡ್ಡ ಕೆರೆದುಕೊಳ್ಳುತ್ತ ನಿಂತು, "ಇನ್ನೂ ಎಷ್ಟು ಹೊತ್ತಾಗುತ್ತೆ?" ಅಂತ ಕೇಳಿದ. ಇವರು ಯಾವುದಕ್ಕೂ ಇಲ್ಲ ಅನ್ನದವರು. "ಇಬ್ಬರಿದ್ದಾರೆ, ಆಮೇಲೆ ಬನ್ನಿ" ಅಂದುಬಿಟ್ಟರು.

ಕೆಳಗೆ ಅಂಗಡಿಯ ಕುರ್ಚಿ ಖಾಲಿಯಿತ್ತು. ಮಾಲೀಕರು ಹೊರಗೆ ಬಂದು ತಲೆ ಎತ್ತಿ ನೋಡಿದರು. ಅಂಗಡಿಯ ಬಾಗಿಲೆಳೆದು ಚಪ್ಪಲಿ ಮೆಟ್ಟಿಕೊಂಡು ಸರಸರ ಹೊರಟೇಹೋದರು. ಪುರಸಭೆಯ ದಿಕ್ಕಿಗೆ.

ಶುಕ್ರವಾರ ಬೆಳಿಗ್ಗೆ ಲೈಸೆನ್ಸ್ ಇನ್ಸ್‌ಪೆಕ್ಟರು ಬಂದರು. ಬಗಲಲ್ಲಿ ಫೈಲು, ಮುಖದಲ್ಲಿ ಎರಡು ದಿನದ ಗಡ್ಡ. ನಮ್ಮ ಮೆಟ್ಟಿಲು ಹತ್ತುತ್ತ ಏದುಸಿರು ಬಿಟ್ಟರು. ತಮ್ಮ ಎದ್ದು ನಿಂತು ಜಾಗ ಬಿಟ್ಟ, ತಾತ ಪೇಪರು ಮಡಚಿದರು.

"ಇಲ್ಲಿ ನಡೆಸ್ತಿರೋರು ಯಾರು?"

"ನಾನೇ ಸಾರ್" ಅಂದರು ಇವರು, ತಮ್ಮದೇ ಗಲ್ಲಕ್ಕೆ ಮಷೀನು ಹಿಡಿದುಕೊಂಡು.

"ಲೈಸೆನ್ಸ್ ತೋರಿಸಿ."

ಇವರು ಮಷೀನು ನಿಲ್ಲಿಸಿದರು. "ಇದಕ್ಕೂ ಲೈಸೆನ್ಸ್ ಬೇಕಾ ಸಾರ್? ಅಂಗಡಿಯವನು ಹೇಳಲೇ ಇಲ್ಲ. ಗ್ಯಾರಂಟಿ ಕಾರ್ಡ್ ಕೊಟ್ಟಿದ್ದಾನೆ, ತರ್ಲಾ?"

"ಗ್ಯಾರಂಟಿ ಕಟ್ಕೊಂಡು ನಾನೇನ್ ಮಾಡ್ಲಿ? ಲೈಸೆನ್ಸ್ ಇಲ್ದೆ ಎಷ್ಟು ದಿನದಿಂದ ಮಾಡ್ತಿದ್ದೀರಿ?"

"ಇದರಲ್ಲಿ ಈಚೆಗೆ ಸಾರ್. ಮೊದಲು ಕೆಳಗೆ ಮಾಡಿಸ್ಕೊಳ್ತಿದ್ದೆ."

ಇನ್ಸ್‌ಪೆಕ್ಟರು ಹಣೆ ಒರೆಸಿಕೊಂಡು ಫೈಲು ಬಿಚ್ಚಿದರು. ದಂಡ ಹಾಕುತ್ತೇನೆ, ಸಾಮಾನು ಜಪ್ತಿ ಮಾಡುತ್ತೇನೆ ಅಂದರು. ಅಷ್ಟರಲ್ಲಿ ತಾತ ಅವರ ಮುಖವನ್ನೇ ನೋಡುತ್ತ, "ನೀವೂ ಮಾಡಿಸ್ಕೊಂಡು ನೋಡಿ, ಆಮೇಲೆ ಬರ್ಕೊಳ್ಳಿ. ತುಂಬಾ ಹಿತವಾಗಿರುತ್ತೆ" ಅಂದರು. ಇನ್ಸ್‌ಪೆಕ್ಟರ ಕೈ ತಾನಾಗಿ ಗಡ್ಡಕ್ಕೆ ಹೋಯಿತು. ಹತ್ತು ಗಂಟೆಗೆ ಅವರ ಮೇಲಧಿಕಾರಿಗಳು ಕಚೇರಿಗೆ ಬರುವವರಿದ್ದರಂತೆ. ಸಂಜೆಯಲ್ಲ, ಬೆಳಿಗ್ಗೆಯೇ ಶೇವ್ ಆಗಿಲ್ಲವೇ ಅಂತ ಕೇಳುವ ಜಾತಿಯ ಅಧಿಕಾರಿಯಂತೆ.

"ತಪಾಸಣೆ ದೃಷ್ಟಿಯಿಂದ ಮಾತ್ರ" ಅಂದು ಕುರ್ಚಿಯಲ್ಲಿ ಕೂತರು.

ಬಲಗೆನ್ನೆ ಆಯಿತು. ಇನ್ಸ್‌ಪೆಕ್ಟರು ಸವರಿ ನೋಡಿಕೊಂಡು, ಹ್ಞೂಂ ಅಂದರು. ಇವರಿಗೆ ಹುಮ್ಮಸ್ಸು ಬಂತು. ಮೀಸೆಯನ್ನೂ ಸ್ವಲ್ಪ ಸರಿ ಮಾಡುತ್ತೇನೆ ಅಂತ ಬಲಗಡೆಯಿಂದ ಶುರು ಮಾಡಿ, ಸ್ವಲ್ಪ ಜಾಸ್ತಿಯೇ ಸರಿ ಮಾಡಿ, ಮೂಗಿನ ಕೆಳಗೆ ಮಧ್ಯಕ್ಕೆ ಬಂದಾಗ ಗುಂಯ್ ಅನ್ನುತ್ತಿದ್ದದ್ದು ಗುರ್ ಅಂದಿತು. ಗುರ್ ಅಂದದ್ದು ಸುಮ್ಮನಾಯಿತು. ಹಿಂದಿನ ದಿನ ಚಾರ್ಜಿಗೆ ಹಾಕಿ ಅಂತ ನಾನು ಹೇಳಿದ್ದೆ. ಚಾರ್ಜರು ಎಲ್ಲಿ ಅಂತ ಇಡೀ ಮನೆ ತಿರುಗಿದ್ದರು, ಅದು ಇವರ ಜೇಬಿನಲ್ಲೇ ಇತ್ತು.

ಒಳಗೆ ಓಡಿ ಪ್ಲಗ್ಗಿಗೆ ಹಾಕಿದರೆ ಕರೆಂಟಿಲ್ಲ. ಇನ್ಸ್‌ಪೆಕ್ಟರು ಎದ್ದು ಕನ್ನಡಿ ನೋಡಿಕೊಂಡರು. ಬಲಗಡೆ ಅಧಿಕಾರಿಯ ಮುಖ, ಎಡಗಡೆ ಅದೇ ಅಧಿಕಾರಿ ಹುಡುಕುತ್ತಿರುವವನ ಮುಖ. ಟವೆಲು ಕುತ್ತಿಗೆಯಲ್ಲಿದ್ದ ಹಾಗೇ ಧಡಧಡ ಮೆಟ್ಟಿಲಿಳಿದು ಸೀದಾ ಸಲೂನಿಗೆ ನುಗ್ಗಿದರು. ಹಿಂದೆ ಇವರು, ಇವರ ಹಿಂದೆ ನಾನು, ನನ್ನ ಹಿಂದೆ ತಮ್ಮ, ಕೊನೆಗೆ ಪೇಪರು ಹಿಡಿದ ತಾತ.

ಮಾಲೀಕರು ಏನನ್ನೂ ಕೇಳಲಿಲ್ಲ. ಇನ್ಸ್‌ಪೆಕ್ಟರನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬಲಗೆನ್ನೆಯ ಮೇಲೆ ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಹುಬ್ಬು ಗಂಟಿಕ್ಕಿತು.

"ಇದನ್ನ ಇವರು ಮಾಡಿದ್ದಾ?"

"ಹೌದು, ನಿಮ್ಮ ದೂರಿನ ಮೇಲೇ ಹೋಗಿದ್ದು. ಅವರ ಸಲೂನು..."

"ಎಂಥಾ ಸಲೂನು ಸ್ವಾಮಿ? ಇಲ್ಲಿ ಕೂದಲು ಮೇಲ್ಮುಖ, ಇವರು ಅಡ್ಡಡ್ಡ ಉಜ್ಜಿದ್ದಾರೆ. ಇಲ್ಲಿ ನೋಡಿ, ಬಿಟ್ಟೇಬಿಟ್ಟಿದ್ದಾರೆ. ಕಿವಿ ಕೆಳಗೆ ಮುಟ್ಟೇ ಇಲ್ಲ. ಇಂಥಾ ಕೈಗೆ ಒಬ್ಬ ಗಿರಾಕಿ ಎರಡನೇ ಸಲ ಬರಲ್ಲ."

"ನಾನು ದಿನಾ ಹೋಗ್ತೀನಲ್ಲ" ಅಂದರು ತಾತ ಬಾಗಿಲಿಂದ.

"ನೀವು ಪುಕ್ಕಟೆ ಅಂತ ಹೋಗ್ತೀರಿ" ಅಂದ ತಮ್ಮ. ತಾನು ಯಾಕೆ ಹೋಗುತ್ತಿದ್ದೆ ಅನ್ನುವುದನ್ನು ಹೇಳಲಿಲ್ಲ.

ಪುಕ್ಕಟೆ ಅನ್ನುವ ಮಾತು ಕೇಳಿ ಮಾಲೀಕರ ಕೈ ನಿಂತಿತು. ಆಗ ನನಗೆ ಬೆಳಕಾಯಿತು. ಅಕ್ಕನ ಹೊಟ್ಟೆಪಾಡಿನ ಮಾತು, ಮನೆ ಖಾಲಿ ಮಾಡಿ ಅಂದದ್ದು, ಈ ಇನ್ಸ್‌ಪೆಕ್ಟರು, ಎಲ್ಲ ಒಟ್ಟಿಗೆ ಅರ್ಥವಾಗಿ ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಮಾಲೀಕರೇ, ಇವರು ಸಲೂನು ಇಟ್ಟಿದ್ದಾರೆ ಅಂದ್ಕೊಂಡ್ರಾ? ಇವರಾ? ತಮ್ಮ ಕನ್ನಡಕ ಎಲ್ಲಿದೆ ಅಂತ ಗೊತ್ತಿಲ್ಲದವರು ಇನ್ನೊಬ್ಬರ ಗಡ್ಡ ಹುಡುಕ್ತಾರಾ? ಒಂದು ಮಷೀನು ತಂದ್ರು, ಅಷ್ಟೇ. ಮ್ಯಾನೇಜರ ಹತ್ತಿರ ಇದೆ ಅಂತ. ನಿಮಗೆ ಹೇಳೋಕೆ ನಾಚ್ಕೊಂಡು ಗೋಡೆ ಹಾರ್ತಿದ್ರು."

ಮಾಲೀಕರು ಇವರ ಕಡೆ ತಿರುಗಿ, ಗಲ್ಲ ಹಿಡಿದು, ದದ್ದೆದ್ದ ಕೆನ್ನೆ ನೋಡಿದರು. ಅವರ ಕಣ್ಣು ತೇವವಾಗಿತ್ತು.

"ಮಷೀನು ತಂದಿದ್ದಕ್ಕೆ ನನಗೇನೂ ಇಲ್ಲ. ಪ್ರಪಂಚವೇ ತರುತ್ತೆ. ಒಂದು ಮಾತು ಹೇಳಿ ಹೋಗಿದ್ರೆ ಸಾಕಿತ್ತು. ದಿನಾ ಬೆಳಿಗ್ಗೆ ಬಿಸಿನೀರಿಟ್ಟು ಕಾಯ್ತಿದ್ದೆ. ಕಿಟಕಿ ಕೆಳಗೆ ಬಗ್ಗಿಕೊಂಡು ಹೋಗ್ತಿದ್ರಲ್ಲ, ನಿಮ್ಮ ತಲೆ ಕಾಣಿಸ್ತಿತ್ತು ನನಗೆ. ಯಾರ ಹತ್ತಿರ ಮಾತಾಡ್ಲಿ ನಾನು? ಷಡ್ಡಕ ಗುದ್ದಲಿ ಎತ್ತಿಕೊಂಡು ಗೋಡೆ ಮೇಲೇ ನಿಂತಿದ್ದಾನೆ ಇನ್ನೂ."

"ತಪ್ಪಾಯ್ತು ಮಾಲೀಕರೇ" ಅಂದರು ಇವರು. ಅಲ್ಲಾಡದೆ ನಿಂತು ಅಂದರು. ಅದನ್ನು ನಾನು ಗಮನಿಸಿದೆ.

"ಗೋಡೆ ಮೇಲೆ ಯಾಕೆ ನಿಂತ?" ಅಂತ ಕೇಳಿದರು ಇನ್ಸ್‌ಪೆಕ್ಟರು, ಅರ್ಧ ಮೀಸೆಯಡಿಯಿಂದ.

ಮಾಲೀಕರು ಮೂಗೊರೆಸಿಕೊಂಡು ನೊರೆ ಕಲಸಿದರು. ಮೊದಲಿನಿಂದ ಶುರು ಮಾಡಿದರು. ಇನ್ಸ್‌ಪೆಕ್ಟರ ಎಡಗೆನ್ನೆ ಮುಗಿಯಿತು, ಬಲಗೆನ್ನೆ ತಿದ್ದಿದ್ದಾಯಿತು, ಮೀಸೆಯ ಉಳಿದರ್ಧವನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ. ಎದ್ದು ಕನ್ನಡಿ ನೋಡಿಕೊಂಡಾಗ ಗುರುತು ಸಿಗದೆ ಒಂದು ಕ್ಷಣ ಹಿಂದೆ ತಿರುಗಿ ನೋಡಿದರು. ಫೈಲಿನಲ್ಲಿ ಏನು ಬರೆದುಕೊಂಡರೋ ಗೊತ್ತಿಲ್ಲ. ಬಾಗಿಲು ದಾಟುವಾಗ, "ಗೋಡೆ ಅಳತೆಗೆ ಸರ್ವೆಯವರನ್ನ ಕರೆಸ್ಬೇಕಿತ್ತು ಅವನು" ಅಂತ ಮಾತ್ರ ಹೇಳಿ ಓಡಿದರು.

ಆಮೇಲೆ ಇವರು ಕುರ್ಚಿಯಲ್ಲಿ ಕೂತರು. ಮೂರು ವಾರಕ್ಕೆ ಇನ್ನೂ ಎರಡು ದಿನ ಬಾಕಿಯಿತ್ತು. ಕತ್ತಿ ಗಲ್ಲಕ್ಕೆ ತಗುಲಿದಾಗ ಕಣ್ಣು ಮುಚ್ಚಿಕೊಂಡು ದೀರ್ಘವಾಗಿ ಉಸಿರು ಬಿಟ್ಟರು. ಮನೆ ಖಾಲಿ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕ ಒಳಗಿನಿಂದ ಎಲ್ಲರಿಗೂ ಕಾಫಿ ತಂದು, ಅವತ್ತು ಹಿತ್ತಲಲ್ಲಿ ಬಿದ್ದ ನನ್ನ ಲಂಗವನ್ನು ಒಗೆದು ಮಡಚಿಟ್ಟಿರುವುದಾಗಿ ಹೇಳಿದರು.

ಹೊರಡುವಾಗ ಇವರ ಕಣ್ಣು ಮಾಲೀಕರ ಎಡಕಿವಿಯ ಕೆಳಗೆ ಹೋಯಿತು. "ಮಾಲೀಕರೇ, ಈ ಮಷೀನು ನೀವಿಟ್ಕೊಳ್ಳಿ. ಅದು ಚರ್ಮ ಕೊಯ್ಯಲ್ಲ. ಕೈ ಅದುರಿದರೂ ಪರವಾಗಿಲ್ಲ."

ಮಾಲೀಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನನ್ನ ಮುಖ ನನಗೆ ಆಗಲ್ಲ ಅಂದ್ನಲ್ಲ" ಅಂದರು. ಆಮೇಲೆ ಸಂಕೋಚದಿಂದ, "ನೀವೇ ಮಾಡಿ. ಹೇಗಿದ್ದರೂ ಬೀದಿಯೋರಿಗೆಲ್ಲಾ ಮಾಡಿದ್ದೀರಿ" ಅಂದರು.

ಈಗ ಬೆಳಿಗ್ಗೆ ಮೊದಲ ಅರ್ಧ ಗಂಟೆ ಇವರು ಕುರ್ಚಿಯಲ್ಲಿ, ಮಾಲೀಕರ ಕೈಯಲ್ಲಿ ಕತ್ತಿ. ಎರಡನೆಯ ಅರ್ಧ ಗಂಟೆ ಮಾಲೀಕರು ಕುರ್ಚಿಯಲ್ಲಿ, ಇವರ ಕೈಯಲ್ಲಿ ಮೂರು ತಲೆಯ ಮಷೀನು. ಷಡ್ಡಕನ ಗೋಡೆ ಎರಡೂ ಪಾಳಿಯಲ್ಲಿ ನಡೆಯುತ್ತದೆ. ಮೊನ್ನೆ ಹೊಸ ಗಿರಾಕಿಯೊಬ್ಬ ಒಳಗೆ ಬಂದವನು ಇವರನ್ನು ತೋರಿಸಿ, ಈ ಎರಡನೆಯವರ ಕೈ ಹೇಗೆ ಅಂತ ತಾತನನ್ನು ಕೇಳಿದನಂತೆ. ಕಿವಿಯ ಕೆಳಗೆ ಸ್ವಲ್ಪ ಬಿಡ್ತಾರೆ, ಮಾತು ಚೆನ್ನಾಗಿ ಕೇಳ್ತಾರೆ ಅಂದರಂತೆ ತಾತ.

ಗುಂಯ್ ಅನ್ನುವ ಸದ್ದು ಈಗ ನೆಲದ ಕೆಳಗಿನಿಂದ ಬರುತ್ತದೆ. ಬರಿಗಾಲು ಊರಿದರೆ ಅಂಗಾಲಿಗೆ ತಿಳಿಯುತ್ತದೆ. ಅದು ನಿಲ್ಲುವವರೆಗೆ ಇವರು ಮೇಲೆ ಬರುವುದಿಲ್ಲ. ನಾನು ರೇಡಿಯೋ ಹಾಕಿ, ಕಾಲು ಚಾಚಿ, ಎರಡನೆಯ ಲೋಟ ಕಾಫಿಯನ್ನೂ ಬಿಸಿಯಾಗಿಯೇ ಕುಡಿಯುತ್ತೇನೆ. ಮಷೀನಿನ ಚಾರ್ಜರು ಮಾತ್ರ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಮಷೀನನ್ನು ದಿನಾ ರಾತ್ರಿ ಮರೆಯದೆ ಚಾರ್ಜಿಗೆ ಹಾಕುವವಳು ನಾನೇ.